ಹಿಂದೆ ಕ್ಯಾರಿಯರ್ ಇಲ್ಲದ ಸ್ಕೂಟರಿನಲ್ಲಿ ಸಾಮಾನು: ಯಾವುದನ್ನು ಎಲ್ಲಿ ಇಡುವುದು ಕ್ಷೇಮ

ನಮ್ಮ ಊರುಗಳಲ್ಲಿ ಈಗ ಮಾರಾಟವಾಗುವ ಗೇರ್‌ರಹಿತ ಸ್ಕೂಟರುಗಳಲ್ಲಿ ಬಹುತೇಕವು ಹಿಂಬದಿಗೆ ಕ್ಯಾರಿಯರ್ ಇಲ್ಲದೆಯೇ ಬರುತ್ತವೆ. ಹಿಂದೆ ಕೂರುವವರು ಹಿಡಿದುಕೊಳ್ಳಲು ಒಂದು ಹಿಡಿಕೆ, ಸೀಟಿನ ಕೆಳಗೊಂದು ಡಿಕ್ಕಿ, ಮುಂದೆ ಕಾಲಿಡಲು ಸಪಾಟು ಜಾಗ, ಅದರ ಮೇಲ್ಭಾಗದಲ್ಲಿ ಒಂದು ಕೊಕ್ಕೆ, ಇಷ್ಟೇ ಇರುತ್ತದೆ. ಆದರೆ ಸಂಸಾರಸ್ಥರ ಮನೆಯ ಸ್ಕೂಟರು ಅಕ್ಕಿ ಚೀಲವನ್ನೂ ತರಬೇಕು, ನೀರಿನ ಕ್ಯಾನನ್ನೂ ತರಬೇಕು, ಹಬ್ಬ ಬಂದರೆ ಬಾಳೆಕಂದು, ಕಬ್ಬು, ಗೌರಿ ಗಣೇಶರನ್ನೂ ಕರೆತರಬೇಕು. ಮೈಸೂರಿನಲ್ಲಿ ಹದಿನಾಲ್ಕು ವರ್ಷಗಳಿಂದ ಸಂತೇಪೇಟೆಯ ದಿನಸಿ, ದೇವರಾಜ ಮಾರುಕಟ್ಟೆಯ ಹೂವು ಹಣ್ಣು, ಬಂಡಿಪಾಳ್ಯದ ಸಗಟು ತರಕಾರಿ, ಮನೆಯ ಹಿರಿಯರ ಔಷಧ ಎಲ್ಲವನ್ನೂ ನಾನು ಇಂಥ ಸ್ಕೂಟರಿನಲ್ಲಿಯೇ ತಂದಿದ್ದೇನೆ. ಸಾಮಾನು ಹೊರಲು ಇರುವ ಆರೇಳು ದಾರಿಗಳಲ್ಲಿ ಯಾವುದು ಯಾವುದಕ್ಕೆ ಹೊಂದುತ್ತದೆ, ಯಾವುದನ್ನು ಬಿಡಬೇಕು ಎಂಬುದನ್ನು ಆ ಅನುಭವದಿಂದಲೂ ವಾಹನದ ರಚನೆಯಿಂದಲೂ ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ಮೊದಲಿಗೆ ಕ್ಯಾರಿಯರ್ ಹಾಕಿಸಿಬಿಡಬಹುದಲ್ಲ ಎಂಬ ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳೋಣ. ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಕ್ಯಾರಿಯರುಗಳು ಸಾಮಾನ್ಯವಾಗಿ ಹಿಂದಿನ ಹಿಡಿಕೆಯ ಬೋಲ್ಟುಗಳಿಗೇ ಕೂರುತ್ತವೆ. ಆ ಬೋಲ್ಟುಗಳು ಕೈಹಿಡಿಕೆಗೆಂದು ಇಟ್ಟವು. ಗುಂಡಿ ಬಿದ್ದ ರಸ್ತೆಯಲ್ಲಿ ಎತ್ತಿ ಕುಕ್ಕುವ ಭಾರವನ್ನು ದಿನವೂ ತಡೆಯಲೆಂದು ಇಟ್ಟವಲ್ಲ. ಅದಕ್ಕಿಂತ ದೊಡ್ಡ ತೊಂದರೆ ಭಾರ ಕೂರುವ ಜಾಗದ್ದು. ಆಕ್ಟಿವಾದಂಥ ಸ್ಕೂಟರಿನಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳ ಅಚ್ಚುಗಳ ನಡುವಿನ ಅಂತರ ಸುಮಾರು 126 ಸೆಂಟಿಮೀಟರು ಮಾತ್ರ. ಎಂಜಿನ್ನು ಹಿಂದಿನ ಗಾಲಿಯ ಪಕ್ಕದಲ್ಲಿಯೇ ಇರುತ್ತದೆ, ಸವಾರನೂ ಹಿಂದಕ್ಕೇ ಕೂರುತ್ತಾನೆ, ಆದ್ದರಿಂದ ಸ್ಕೂಟರು ಹುಟ್ಟಿನಿಂದಲೇ ಹಿಂಭಾರದ ವಾಹನ. ಹಿಂದಿನ ಅಚ್ಚಿನಿಂದ ಒಂದಡಿಯಷ್ಟು ಆಚೆಗೆ, ಅಂದರೆ 30 ಸೆಂಟಿಮೀಟರು ಹಿಂದೆ, 15 ಕೆಜಿ ಇಟ್ಟರೆ ತಕ್ಕಡಿಯ ಲೆಕ್ಕದಲ್ಲಿ ಹಿಂದಿನ ಗಾಲಿಗೆ ಹದಿನೆಂಟೂವರೆ ಕೆಜಿ ಸೇರುತ್ತದೆ, ಮುಂದಿನ ಗಾಲಿಯಿಂದ ಮೂರೂವರೆ ಕೆಜಿ ಕಳೆಯುತ್ತದೆ. ಮುಂದಿನ ಗಾಲಿ ಹಗುರಾದಷ್ಟೂ ಹ್ಯಾಂಡಲ್ ಅಲುಗುತ್ತದೆ, ಮುಂದಿನ ಬ್ರೇಕಿನ ಹಿಡಿತ ಕುಗ್ಗುತ್ತದೆ, ರಾತ್ರಿಯಲ್ಲಿ ದೀಪದ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅದೇ 15 ಕೆಜಿಯನ್ನು ಕಾಲಿಡುವ ಜಾಗದಲ್ಲಿ ಇಟ್ಟರೆ ಎರಡು ಗಾಲಿಗಳಿಗೂ ಹೆಚ್ಚುಕಡಿಮೆ ಅರ್ಧರ್ಧ ಹಂಚಿಹೋಗುತ್ತದೆ. ಡಿಕ್ಕಿಯಲ್ಲಿ ಇಟ್ಟರೆ ಹೆಚ್ಚಿನ ಪಾಲು ಹಿಂದಿನ ಗಾಲಿಗೇ ಹೋದರೂ ಮುಂದಿನ ಗಾಲಿಯಿಂದ ಏನೂ ಕಳೆಯುವುದಿಲ್ಲ. ಹೀಗಾಗಿ ಕ್ಯಾರಿಯರ್ ಇಲ್ಲವೆಂಬುದನ್ನು ನಾನು ಕೊರತೆಯೆಂದು ಭಾವಿಸುವುದಿಲ್ಲ. ಭಾರವನ್ನು ಇಡಬಾರದ ಜಾಗವೊಂದು ಇಲ್ಲದಿರುವುದರಿಂದ ಅದು ತಾನಾಗಿಯೇ ಇಡಬೇಕಾದ ಜಾಗಕ್ಕೆ ಬರುತ್ತದೆ. ಮುಂದೆ ಹೇಳುವ ಪ್ರತಿಯೊಂದು ಆಯ್ಕೆಯನ್ನೂ ಒಂದೇ ಅಳತೆಗೋಲಿನಿಂದ ನೋಡಿದ್ದೇನೆ: ಭಾರವು ಎಷ್ಟು ತಗ್ಗಿನಲ್ಲಿದೆ, ಎರಡು ಗಾಲಿಗಳ ನಡುವೆ ಇದೆಯೇ, ಮತ್ತು ಅದು ಹ್ಯಾಂಡಲಿಗೆ ಅಂಟಿಕೊಂಡಿದೆಯೇ.

ಕಾಲಿಡುವ ಸಪಾಟು ಜಾಗ

ಭಾರವಾದ ಸಾಮಾನಿಗೆ ಸ್ಕೂಟರಿನಲ್ಲಿ ಇದಕ್ಕಿಂತ ಒಳ್ಳೆಯ ತಾಣವಿಲ್ಲ. ಹಳೆಯ ಚೇತಕ್ ಕಾಲದಲ್ಲಿ ಹಿಂದಿನ ಬ್ರೇಕಿನ ಪೆಡಲು ಈ ಜಾಗದ ಬಲಗಡೆ ಇತ್ತು, ಹಾಗಾಗಿ ಚೀಲ ಇಡುವಾಗ ಬಲಗಾಲಿಗೆ ದಾರಿ ಬಿಡಲೇಬೇಕಾಗುತ್ತಿತ್ತು. ಈಗಿನ ಸ್ಕೂಟರುಗಳಲ್ಲಿ ಎರಡು ಬ್ರೇಕುಗಳೂ ಕೈಯಲ್ಲಿಯೇ ಇರುವುದರಿಂದ ಜಾಗ ಪೂರ್ತಿ ತೆರವಾಗಿದೆ. ಆದರೆ ಎಲ್ಲ ಸ್ಕೂಟರುಗಳಲ್ಲಿಯೂ ಈ ಸಪಾಟು ಇರುವುದಿಲ್ಲ. ಯಮಾಹಾ ಏರಾಕ್ಸ್‌ನಂಥವುಗಳಲ್ಲಿ ನಡುವೆ ಎತ್ತರದ ದಿಂಡು ಹಾದುಹೋಗಿರುವುದರಿಂದ ಅಲ್ಲಿ ಚೀಲ ನಿಲ್ಲುವುದಿಲ್ಲ.

ಈ ಜಾಗದ ಸ್ವಭಾವವನ್ನು ಅರಿತರೆ ಅರ್ಧ ಕೆಲಸ ಆದಂತೆ. ಇದಕ್ಕೆ ಮುಂದೆ ಒಂದು ಗೋಡೆಯಿದೆ, ಹಿಂದೆ ಸೀಟಿನ ಕೆಳಗಿನ ಗೋಡೆಯಿದೆ, ಎಡಬಲಗಳು ಮಾತ್ರ ಬಯಲು. ಬ್ರೇಕು ಹಾಕಿದಾಗ ಸಾಮಾನು ಮುಂದಿನ ಗೋಡೆಗೆ ಒರಗುತ್ತದೆ, ವೇಗ ಹೆಚ್ಚಿಸಿದಾಗ ಹಿಂದಿನ ಗೋಡೆಗೆ ಒರಗುತ್ತದೆ, ಎರಡೂ ಕ್ಷೇಮವೇ. ಜಾರುವುದು ತಿರುವಿನಲ್ಲಿ ಮತ್ತು ಹಂಪಿನಲ್ಲಿ. ಅಕ್ಕಿ ಬರುವ ಪ್ಲಾಸ್ಟಿಕ್ ನೇಯ್ಗೆಯ ಚೀಲವು ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ಎಷ್ಟು ಸುಲಭವಾಗಿ ಜಾರುತ್ತದೆ ಎಂಬುದನ್ನು ಮೊದಲ ಸಲ ಕಂಡವರು ಗಾಬರಿಯಾಗುವುದು ಸಹಜ. ಅಡಿಯಲ್ಲಿ ಹಳೆಯ ಟ್ಯೂಬಿನ ಅಗಲವಾದ ತುಂಡನ್ನೋ, ರಬ್ಬರಿನ ಕಾಲೊರಸನ್ನೋ ಹಾಸಿದರೆ ಆ ಜಾರಿಕೆ ಬಹುಮಟ್ಟಿಗೆ ನಿಲ್ಲುತ್ತದೆ.

2022ರ ಜುಲೈನಲ್ಲಿ, 25 ಕೆಜಿಯವರೆಗಿನ, ಮೊದಲೇ ಕಟ್ಟಿ ಲೇಬಲ್ ಹಚ್ಚಿದ ಧಾನ್ಯಕ್ಕೆ ಜಿಎಸ್‌ಟಿ ಬಂದ ಮೇಲೆ ನಮ್ಮಲ್ಲಿ 26 ಕೆಜಿಯ ಅಕ್ಕಿ ಚೀಲ ಸಾಮಾನ್ಯವಾಯಿತು. ಒಬ್ಬರೇ ಹೋಗುವಾಗ ಆ ಚೀಲವನ್ನು ಈ ಜಾಗದಲ್ಲಿ ತರುವುದು ಸಾಧ್ಯ, ಆದರೆ ಅದನ್ನು ನಿಲ್ಲಿಸಬೇಕೇ ಮಲಗಿಸಬೇಕೇ ಎಂಬುದು ಮುಖ್ಯ. ಅಡ್ಡಲಾಗಿ ಮಲಗಿಸಿದರೆ ಚೀಲದ ಎರಡು ತುದಿಗಳೂ ಸ್ಕೂಟರಿನ ಆಚೆಗೆ ಚಾಚಿಕೊಳ್ಳುತ್ತವೆ, ಸವಾರನು ಕಾಲುಗಳನ್ನು ಹೊರಗೆ ಅಗಲಿಸಿ ಗಾಳಿಯಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ, ಪಕ್ಕದಲ್ಲಿ ನುಗ್ಗುವ ಆಟೋರಿಕ್ಷಾಕ್ಕೆ ಮೊದಲು ತಾಗುವುದು ಆ ಮೊಣಕಾಲೇ. ಉದ್ದಕ್ಕೆ ನಿಲ್ಲಿಸಿ ಮುಂದಿನ ಗೋಡೆಗೆ ಒರಗಿಸಿ, ಚೀಲದ ಕಿವಿಯನ್ನು ಕೊಕ್ಕೆಗೆ ಸಿಕ್ಕಿಸಿದರೆ ಎರಡು ಪಾದಗಳಿಗೂ ಅಂಚಿನಲ್ಲಿ ಜಾಗ ಉಳಿಯುತ್ತದೆ. ಇಲ್ಲಿ ಕೊಕ್ಕೆಯ ಕೆಲಸ ಚೀಲ ಉರುಳದಂತೆ ಹಿಡಿಯುವುದಷ್ಟೇ, ಭಾರ ಹೊರುವುದಲ್ಲ. ಹೊರಡುವ ಮುನ್ನ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಲೇಬೇಕು. ಚೀಲದ ಬಾಯಿ ಒಂದಂಗುಲ ಎತ್ತರವಾಗಿದ್ದರೂ ತಿರುವಿನ ಅರ್ಧದಲ್ಲಿ ಹ್ಯಾಂಡಲು ಅದಕ್ಕೆ ತಗುಲಿ ನಿಂತುಬಿಡುತ್ತದೆ.

20 ಲೀಟರಿನ ನೀರಿನ ಕ್ಯಾನು ಈ ಜಾಗಕ್ಕೆಂದೇ ಮಾಡಿಸಿದಂತೆ ಕಂಡರೂ ಅದು ದುಂಡಗಿರುವುದರಿಂದ ಒಂದು ಪಟ್ಟಿಯನ್ನಾದರೂ ಸುತ್ತಿ ಕೊಕ್ಕೆಗೆ ಬಿಗಿಯುವುದು ಒಳಿತು. ಅರ್ಧ ಖಾಲಿಯಾದ ಕ್ಯಾನಿಗಿಂತ ತುಂಬಿದ ಕ್ಯಾನೇ ಸವಾರಿಗೆ ವಾಸಿ. ಅರ್ಧ ಕ್ಯಾನಿನ ನೀರು ಪ್ರತಿ ತಿರುವಿನಲ್ಲೂ ಕುಲುಕಿ ಸ್ಕೂಟರನ್ನು ಎಳೆಯುತ್ತದೆ. ಇನ್ನು ಅಡುಗೆ ಅನಿಲದ ಸಿಲಿಂಡರಿನ ವಿಷಯ. 14.2 ಕೆಜಿ ಅನಿಲ ತುಂಬಿದ ಮನೆಬಳಕೆಯ ಸಿಲಿಂಡರು ಉಕ್ಕಿನ ತೂಕವೂ ಸೇರಿ ಸುಮಾರು 30 ಕೆಜಿ ಆಗುತ್ತದೆ, ಅದನ್ನು ಕಾಲಿನ ನಡುವೆ ಇಟ್ಟುಕೊಂಡು ಹೋಗುವವರನ್ನು ನಾವು ದಿನವೂ ನೋಡುತ್ತೇವೆ. ಆದರೆ ಅನಿಲ ತುಂಬಿದ ಸಿಲಿಂಡರನ್ನು ಸೈಕಲ್ಲಿನಲ್ಲಾಗಲಿ ದ್ವಿಚಕ್ರ ಮೋಟಾರು ವಾಹನದಲ್ಲಾಗಲಿ ಸಾಗಿಸಬಾರದೆಂದು ದೇಶದ ಅನಿಲ ಸಿಲಿಂಡರ್ ನಿಯಮಗಳೇ ಹೇಳುತ್ತವೆ. ವಿತರಕರು ಮನೆಬಾಗಿಲಿಗೆ ತಲುಪಿಸಬೇಕಾದ ವಸ್ತು ಅದು, ನಾವು ಹೊತ್ತು ತರಬೇಕಾದದ್ದಲ್ಲ.

ಮಗುವನ್ನು ಮುಂದೆ ನಿಲ್ಲಿಸಿಕೊಳ್ಳುವ ಮನೆಗಳಲ್ಲಿ ಈ ಜಾಗದ ಲೆಕ್ಕವೇ ಬೇರೆ. ನಾಲ್ಕು ವರ್ಷಕ್ಕಿಂತ ಚಿಕ್ಕ ಮಗುವನ್ನು ಸವಾರನಿಗೆ ಸುರಕ್ಷಾ ಪಟ್ಟಿಯಿಂದ ಬಿಗಿದಿರಬೇಕು, ವೇಗ ಗಂಟೆಗೆ 40 ಕಿಲೋಮೀಟರು ಮೀರಬಾರದು ಎಂದು 2022ರಲ್ಲಿ ಕೇಂದ್ರದ ನಿಯಮ ಬಂದಿದೆ. ಮಗುವಿನ ಕಾಲ ಬಳಿ ಚೀಲವನ್ನೂ ತುರುಕುವುದನ್ನು ದಯವಿಟ್ಟು ಯಾರೂ ಮಾಡಬಾರದು.

ಸೀಟಿನ ಕೆಳಗಿನ ಡಿಕ್ಕಿ

ಕಳ್ಳರಿಂದ, ಮಳೆಯಿಂದ, ಧೂಳಿನಿಂದ ರಕ್ಷಣೆ ಬೇಕಾದ ಸಾಮಾನಿಗೆ ಡಿಕ್ಕಿಯೇ ಸರಿ. ಗಾತ್ರದಲ್ಲಿ ಮಾತ್ರ ಒಂದು ಸ್ಕೂಟರಿಗೂ ಇನ್ನೊಂದಕ್ಕೂ ಅಜಗಜಾಂತರ. ಆಕ್ಟಿವಾದಲ್ಲಿ 18 ಲೀಟರು. ಟಿವಿಎಸ್ ಜುಪಿಟರ್ 125ರಲ್ಲಿ ಪೆಟ್ರೋಲ್ ಟ್ಯಾಂಕನ್ನು ಕಾಲಿಡುವ ಜಾಗದ ಅಡಿಗೆ ಇಳಿಸಿದ್ದರಿಂದ 33 ಲೀಟರು. ವಿದ್ಯುತ್ ಸ್ಕೂಟರುಗಳಲ್ಲಿ ಏಥರ್ ರಿಜ್ಟಾಕ್ಕೆ 34 ಲೀಟರು. ಬೆಂಗಳೂರಿನ ರಿವರ್ ಸಂಸ್ಥೆಯ ಇಂಡೀಗೆ 43 ಲೀಟರು, ಮುಂದೆ 12 ಲೀಟರಿನ ಮತ್ತೊಂದು ಪೆಟ್ಟಿಗೆ. ಆದರೆ ಲೀಟರಿನ ಸಂಖ್ಯೆಗಿಂತ ತಳದ ಆಕಾರ ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ. ಉಬ್ಬುತಗ್ಗಿನ ತಳವಿದ್ದರೆ ಐದು ಕೆಜಿಯ ಹಿಟ್ಟಿನ ಪೊಟ್ಟಣವೂ ಸಮನಾಗಿ ಕೂರುವುದಿಲ್ಲ, ಎಣ್ಣೆಯ ಡಬ್ಬಿ ಓರೆಯಾಗಿ ಸೋರುತ್ತದೆ.

ಪೆಟ್ರೋಲ್ ಸ್ಕೂಟರಿನ ಡಿಕ್ಕಿ ಎಂಜಿನ್ನಿನ ನೆತ್ತಿಯ ಮೇಲೆ ಇರುವುದರಿಂದ ಅದರ ಶಾಖವನ್ನು ಕಡೆಗಣಿಸುವಂತಿಲ್ಲ. ಅರ್ಧ ಗಂಟೆ ಊರೊಳಗಿನ ಓಡಾಟದ ನಂತರ ಒಳಗಿಟ್ಟ ಬೆಣ್ಣೆ ಕರಗಿರುತ್ತದೆ, ಮಲ್ಲಿಗೆ ಬಾಡಿರುತ್ತದೆ, ಕೊತ್ತಂಬರಿ ಸೊಪ್ಪು ಬೇಯಿಸಿದಂತಾಗಿರುತ್ತದೆ. ಬೇಸಿಗೆಯಲ್ಲಿ ಹಾಲಿನ ಪ್ಯಾಕೆಟ್ಟನ್ನು ಅಲ್ಲಿಟ್ಟು ಎರಡು ಮೂರು ಕೆಲಸ ಮುಗಿಸಿಕೊಂಡು ಬಂದರೆ ಕಾಯಿಸುವಾಗ ಒಡೆಯುವ ಸಂಭವವಿದೆ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಔಷಧದ ವಿಷಯದಲ್ಲಿ. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಡಬೇಕೆಂದು ಅದರ ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ. ಅಂಗಡಿಯಿಂದ ಮನೆಗೆ ತರುವ ಆ ಇಪ್ಪತ್ತು ನಿಮಿಷದಲ್ಲಿ ಅದನ್ನು ಡಿಕ್ಕಿಗೆ ಹಾಕುವುದು ಸರಿಯಲ್ಲ. ನಮ್ಮ ಮನೆಯಲ್ಲಿ ಅದು ಐಸ್ ಪೊಟ್ಟಣದ ಜೊತೆ ಬಟ್ಟೆಯಲ್ಲಿ ಸುತ್ತಿಕೊಂಡು ಬೆನ್ನ ಚೀಲದಲ್ಲಿಯೇ ಬರುತ್ತದೆ. ವಿದ್ಯುತ್ ಸ್ಕೂಟರಿನಲ್ಲಿ ಎಂಜಿನ್ನಿನ ಬಿಸಿಯಿಲ್ಲವೆಂಬುದು ನಿಜವಾದ ಅನುಕೂಲ, ಆದರೆ ಬಿಸಿಲಿಗೆ ನಿಲ್ಲಿಸಿದ ಕಪ್ಪು ಸೀಟಿನ ಕೆಳಗೆ ಅದೂ ಕಾಯುತ್ತದೆ.

ಡಿಕ್ಕಿಗೆ ತೂಕದ ಮಿತಿಯೂ ಉಂಟು, ಅನೇಕ ಮಾದರಿಗಳ ಕೈಪಿಡಿಯಲ್ಲಿ ಅದು 10 ಕೆಜಿ ಎಂದಿರುತ್ತದೆ. ತುಂಬಿದ ಮೇಲೆ ಸೀಟು ಮುಚ್ಚದಿದ್ದರೆ ಅದರ ಮೇಲೆ ಕೂತು ಅದುಮುವ ಅಭ್ಯಾಸದಿಂದ ಚಿಲಕ ಬಾಗುತ್ತದೆ, ಒಮ್ಮೆ ಬಾಗಿದರೆ ಸೀಟು ಮತ್ತೆ ಸರಿಯಾಗಿ ಕಚ್ಚುವುದಿಲ್ಲ. ಸಾಮಾನು ಜೋಡಿಸುವ ಗಡಿಬಿಡಿಯಲ್ಲಿ ಕೀಲಿಯನ್ನು ಒಳಗೇ ಬಿಟ್ಟು ಸೀಟು ಅದುಮುವವರೂ ಹಲವರು. ಕೀಲಿಯನ್ನು ಮೊದಲು ಜೇಬಿಗೆ ಹಾಕಿ ನಂತರ ಸಾಮಾನಿಗೆ ಕೈ ಹಾಕುವುದನ್ನು ರೂಢಿ ಮಾಡಿಕೊಳ್ಳಬೇಕು.

ಕೊಕ್ಕೆ, ಮತ್ತು ಹ್ಯಾಂಡಲಿಗೆ ನೇತುಹಾಕುವುದು

ಈ ಎರಡನ್ನೂ ಒಂದೇ ಎಂದು ಭಾವಿಸುವವರಿದ್ದಾರೆ, ಆದರೆ ಇವು ತೀರ ಬೇರೆ. ಕೊಕ್ಕೆ ಸ್ಕೂಟರಿನ ದೇಹಕ್ಕೆ ಕೂರಿಸಿದ್ದು, ಹ್ಯಾಂಡಲು ತಿರುಗಿದರೂ ಅದು ತಿರುಗುವುದಿಲ್ಲ. ಎರಡು ಮೂರು ಕೆಜಿಯ ತರಕಾರಿ ಚೀಲವನ್ನು ಅದಕ್ಕೆ ತೂಗುಹಾಕಿ ಎರಡು ಮೊಣಕಾಲುಗಳ ನಡುವೆ ಇರಿಸಿಕೊಂಡರೆ ತೊಂದರೆಯಿಲ್ಲ. ಎಷ್ಟು ಕೆಜಿ ತಡೆಯುತ್ತದೆಂಬುದನ್ನು ಹಲವು ಸ್ಕೂಟರುಗಳಲ್ಲಿ ಕೊಕ್ಕೆಯ ಬಳಿಯೇ ಅಚ್ಚೊತ್ತಿರುತ್ತಾರೆ, ಅದು ಕೆಲವೇ ಕೆಜಿ. ಮಿತಿ ಮೀರಿದರೆ ಮುರಿಯುವುದು ಕೊಕ್ಕೆಯೊಂದೇ ಅಲ್ಲ, ಅದು ಕೂತ ಪ್ಲಾಸ್ಟಿಕ್ ಫಲಕವೂ ಸೀಳುತ್ತದೆ.

ಹ್ಯಾಂಡಲಿನ ಹಿಡಿಗೋ ಕನ್ನಡಿಯ ಕಡ್ಡಿಗೋ ಚೀಲ ನೇತುಹಾಕುವುದನ್ನು ನಾನು ಯಾರಿಗೂ, ಒಂದು ಕಟ್ಟು ಸೊಪ್ಪಿಗೂ, ಸಲಹೆ ಮಾಡುವುದಿಲ್ಲ. ಆರು ತೆಂಗಿನಕಾಯಿಗಳ ಚೀಲವನ್ನು ಎಡ ಹಿಡಿಗೆ ಹಾಕಿಕೊಂಡು ಅಗ್ರಹಾರದ ಕಡೆಯಿಂದ ಬರುತ್ತಿದ್ದಾಗ, ತಿರುವು ಮುಗಿದ ಮೇಲೂ ತೂಗಾಡುತ್ತಿದ್ದ ಚೀಲವು ಹ್ಯಾಂಡಲನ್ನು ಎಡಕ್ಕೇ ಎಳೆದು, ಅದನ್ನು ನೇರ ಮಾಡುವಷ್ಟರಲ್ಲಿ ನಾನು ರಸ್ತೆಯ ಮೇಲಿದ್ದೆ. ನಿಧಾನವಾಗಿ ಹೋಗುತ್ತಿದ್ದುದರಿಂದ ಮೊಣಕೈ ತರಚಿತಷ್ಟೇ; ಹಿಂದೆ ಬಸ್ಸು ಇದ್ದಿದ್ದರೆ ಏನಾಗುತ್ತಿತ್ತೆಂದು ಈಗಲೂ ನೆನೆಯಲು ಮನಸ್ಸಾಗುವುದಿಲ್ಲ. ಚೀಲದ ಭಾರ ಕಡಿಮೆಯೇ ಇತ್ತು. ಆದರೆ ಹ್ಯಾಂಡಲಿನ ತುದಿಯಲ್ಲಿ ತೂಗುವ ವಸ್ತುವಿಗೆ ಅದರ ತೂಕಕ್ಕಿಂತ ಹೆಚ್ಚು ಬಲ ಬರುತ್ತದೆ.

ಬಲ ಹಿಡಿಯ ಅಪಾಯ ಇನ್ನೂ ದೊಡ್ಡದು, ಏಕೆಂದರೆ ವೇಗ ಹೆಚ್ಚಿಸುವ ಹಿಡಿ ಅದೇ. ಸ್ಕೂಟರು ಚಾಲೂ ಇರುವಾಗಲೇ ಪಕ್ಕದಲ್ಲಿ ನಿಂತವರು ಆ ಕಡೆಯ ಚೀಲವನ್ನು ಎತ್ತಿಕೊಡಲು ಹೋಗಿ ಹಿಡಿಯನ್ನು ತಿರುವಿಬಿಟ್ಟರೆ ಸವಾರನಿಲ್ಲದೆಯೇ ಸ್ಕೂಟರು ನೆಗೆಯುತ್ತದೆ. ಸದ್ದಿಲ್ಲದ ವಿದ್ಯುತ್ ಸ್ಕೂಟರಿನಲ್ಲಿ ಅದು ಚಾಲೂ ಇದೆಯೆಂಬುದೇ ಪಕ್ಕದವರಿಗೆ ತಿಳಿಯುವುದಿಲ್ಲ. ಆದ್ದರಿಂದ ಸಾಮಾನು ಏರಿಸುವಾಗಲೂ ಇಳಿಸುವಾಗಲೂ ಕೀಲಿ ತಿರುವಿ ಪೂರ್ತಿ ಆರಿಸುವುದು ಯಾವ ಕಾರಣಕ್ಕೂ ಬಿಡಬಾರದ ಕ್ರಮ.

ಬೆನ್ನ ಚೀಲ

ಒಡೆಯುವ, ನಲುಗುವ, ಬೆಲೆಬಾಳುವ ವಸ್ತುಗಳಿಗೆ ಬೆನ್ನ ಚೀಲದಷ್ಟು ಹಿತವಾದದ್ದು ಬೇರೆಯಿಲ್ಲ. ಗುಂಡಿಯ ಹೊಡೆತವನ್ನು ಮೊದಲು ಗಾಲಿ, ನಂತರ ಸ್ಪ್ರಿಂಗು, ಆಮೇಲೆ ಸೀಟು, ಕೊನೆಗೆ ನಮ್ಮ ಮೈ ಹೀರಿಕೊಳ್ಳುವುದರಿಂದ ಮೊಟ್ಟೆಗೂ ಲ್ಯಾಪ್‌ಟಾಪಿಗೂ ಅದು ತಲುಪುವಷ್ಟರಲ್ಲಿ ಮೃದುವಾಗಿರುತ್ತದೆ. ಭಾರ ಎತ್ತರದಲ್ಲಿ ಕೂರುತ್ತದೆಂಬುದೊಂದು ದೋಷ, ಆದರೆ ಅದು ಮೈಗೆ ಅಂಟಿಕೊಂಡೇ ಇರುವುದರಿಂದ ಐದಾರು ಕೆಜಿಯವರೆಗೆ ತೊಂದರೆ ಕಾಣುವುದಿಲ್ಲ. ಭುಜದ ಪಟ್ಟಿಗಳನ್ನು ಸ್ವಲ್ಪ ಸಡಿಲಿಸಿ ಚೀಲದ ತಳ ಹಿಂದಿನ ಸೀಟಿನ ಮೇಲೆ ಕೂರುವಂತೆ ಮಾಡಿಕೊಂಡರೆ ಹೆಗಲಿಗೆ ಭಾರವೇ ತಿಳಿಯುವುದಿಲ್ಲ; ಎದೆಯ ಅಥವಾ ಸೊಂಟದ ಪಟ್ಟಿ ಇದ್ದರೆ ಅದನ್ನು ಹಾಕಿಕೊಳ್ಳಬೇಕು, ಉಳಿದ ತುದಿಗಳನ್ನು ಒಳಗೆ ಸಿಕ್ಕಿಸಬೇಕು. ಹಿಂದೆ ಇನ್ನೊಬ್ಬರು ಕೂರುವುದಾದರೆ ಈ ದಾರಿ ಮುಚ್ಚಿತು. ಆಗ ಚೀಲವನ್ನು ಎದೆಯ ಮೇಲೆ ತೊಡುವವರಿದ್ದಾರೆ, ಅದರಿಂದ ಹ್ಯಾಂಡಲು ತಿರುಗಿಸುವಾಗ ಮೊಣಕೈಗೆ ಅಡ್ಡಿಯಾಗುತ್ತದೆ. ಕಾಲಿಡುವ ಜಾಗಕ್ಕೆ ಇಳಿಸಿ ಕೊಕ್ಕೆಗೆ ಸಿಕ್ಕಿಸುವುದೇ ಮೇಲು.

ಹಿಂದಿನ ಸೀಟಿನ ಮೇಲೆ ಕಟ್ಟುವುದು

ಕ್ಯಾರಿಯರ್ ಇಲ್ಲದವರು ಮೊದಲು ಯೋಚಿಸುವುದು ಇದನ್ನೇ. ಗಾತ್ರ ದೊಡ್ಡದಾಗಿ ತೂಕ ಕಡಿಮೆಯಿರುವ ಸಾಮಾನಿಗೆ, ಅಂದರೆ ಹಾಸಿಗೆಯ ಸುರುಳಿ, ಕಂಬಳಿ, ಖಾಲಿ ಬುಟ್ಟಿ, ಹೂವಿನ ಮೂಟೆ, ರಟ್ಟಿನ ಪೆಟ್ಟಿಗೆಗಳಿಗೆ, ಇದು ಯೋಗ್ಯ. ಅಕ್ಕಿ, ಸಕ್ಕರೆ, ಸಿಮೆಂಟುಗಳಂಥ ಗಟ್ಟಿ ಭಾರಕ್ಕೆ ಯೋಗ್ಯವಲ್ಲ, ಏಕೆಂದರೆ ಸೀಟಿನ ಮೇಲೆ ಇಟ್ಟ ಮೂಟೆಯ ನಡುಮಧ್ಯ ನೆಲದಿಂದ ಮೂರಡಿಯಷ್ಟು ಎತ್ತರಕ್ಕೆ ಹೋಗುತ್ತದೆ, ಸ್ಕೂಟರು ವಾಲಿದರೆ ಕಾಲೂರಿ ತಡೆಯುವುದು ಕಷ್ಟ.

ಕಟ್ಟಲು ಹಿಂದೆ ಹಿಡಿಕೆಯಿದೆ, ಮುಂದೆ ಏನೂ ಇಲ್ಲ ಎಂಬುದೇ ಇದರ ತೊಡಕು. ಹಿಂದೆ ಮಾತ್ರ ಕಟ್ಟಿದ ಮೂಟೆ ಹಂಪಿನಲ್ಲಿ ನೆಗೆದು ಬೆನ್ನಿಗೆ ಬರುತ್ತದೆ. ಇದಕ್ಕೆ ಸೀಟನ್ನೇ ಬಳಸಿಕೊಳ್ಳುವ ಒಂದು ಉಪಾಯವಿದೆ: ಸೀಟು ತೆರೆದು ಅಗಲವಾದ ಒಂದು ಪಟ್ಟಿಯನ್ನು ಅದರ ಅಡಿಯಿಂದ ಅಡ್ಡಲಾಗಿ ಹಾಯಿಸಿ, ಎರಡು ತುದಿಗಳನ್ನೂ ಹೊರಗೆ ಬಿಟ್ಟು ಸೀಟು ಮುಚ್ಚಿದರೆ ಎಡಬಲಗಳಲ್ಲಿ ಎರಡು ಹೊಸ ಆಧಾರಗಳು ಸಿಕ್ಕಂತಾಯಿತು. ಪಟ್ಟಿಯು ಚಿಲಕಕ್ಕೆ ಸಿಗಬಾರದು, ಸೀಟು ಪೂರ್ತಿ ಕಚ್ಚಿದೆಯೇ ಎಂದು ಎತ್ತಿ ನೋಡಬೇಕು. ಈ ಆಧಾರಗಳಿಂದ ಹಿಡಿಕೆಗೆ ಕತ್ತರಿಯಾಕಾರದಲ್ಲಿ ಬಿಗಿದ ಮೂಟೆ ಊರಾಚೆಯ ಮಣ್ಣುರಸ್ತೆಯಲ್ಲಿಯೂ ಅಲುಗುವುದಿಲ್ಲ. ಕಟ್ಟಲು ಏನು ಬಳಸಬೇಕೆಂಬುದರಲ್ಲಿ ನನ್ನ ಒಲವು ಹಳೆಯ ಸೈಕಲ್ ಟ್ಯೂಬಿನ ಕಡೆಗಿದೆ. ಅದು ಎಳೆದಷ್ಟು ಬಿಗಿಯುತ್ತದೆ, ಜಾರುವುದಿಲ್ಲ, ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಬಕಲಿರುವ ಅಗಲ ಪಟ್ಟಿಯೂ ಒಳ್ಳೆಯದೇ. ಎರಡು ತುದಿಗೂ ಕಬ್ಬಿಣದ ಕೊಕ್ಕೆಯಿರುವ ರಬ್ಬರ್ ಹಗ್ಗವನ್ನು ಬಳಸುವವರು ಅದನ್ನು ಎಳೆದು ಸಿಕ್ಕಿಸುವಾಗ ಮುಖವನ್ನು ಆ ನೇರಕ್ಕೆ ತರಬಾರದು. ಕೈ ಜಾರಿದ ಕೊಕ್ಕೆ ಕಣ್ಣಿಗೆ ಬಡಿದರೆ ಕಣ್ಣು ಉಳಿಯುವುದಿಲ್ಲ.

ಇಲ್ಲಿ ಹಳೆಯ ಆಕ್ಟಿವಾ ಇರುವವರಿಗೆ ಒಂದು ಮಾತು. 2020ರಲ್ಲಿ ಅದರ 6ಜಿ ಮಾದರಿ ಬರುವವರೆಗೆ ಪೆಟ್ರೋಲ್ ಮುಚ್ಚಳ ಸೀಟಿನ ಅಡಿಯಲ್ಲಿತ್ತು. ಮೂಟೆ ಕಟ್ಟಿದ ಮೇಲೆ ಪೆಟ್ರೋಲ್ ಹಾಕಿಸಬೇಕೆಂದರೆ ಬಂಕಿನಲ್ಲಿ ಎಲ್ಲವನ್ನೂ ಬಿಚ್ಚಬೇಕು, ಆದ್ದರಿಂದ ಮೊದಲು ಪೆಟ್ರೋಲು, ನಂತರ ಸಂತೆ.

ಕಾನೂನಿನ ದೃಷ್ಟಿಯಿಂದಲೂ ಎರಡು ವಿಷಯ ಗಮನದಲ್ಲಿರಬೇಕು. ಕಟ್ಟಿದ ಸಾಮಾನು ಹಿಂದಿನ ದೀಪ, ಸೂಚಕ ದೀಪ, ನಂಬರ್ ಫಲಕಗಳನ್ನು ಮರೆಮಾಡಬಾರದು. ದ್ವಿಚಕ್ರ ವಾಹನಕ್ಕೆ ಅಳವಡಿಸುವ ಹಗುರ ಪೆಟ್ಟಿಗೆಯ ಅಳತೆಯನ್ನು 2020ರ ತಿದ್ದುಪಡಿಯಲ್ಲಿ ಕೇಂದ್ರ ಸರ್ಕಾರ ನಿಗದಿಪಡಿಸಿತು: ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರು ಮೀರಬಾರದು, ಮತ್ತು ಅದನ್ನು ಹಿಂದಿನ ಸವಾರನ ಜಾಗದಲ್ಲಿ ಇಟ್ಟರೆ ಇನ್ನೊಬ್ಬರನ್ನು ಕೂರಿಸಿಕೊಳ್ಳುವಂತಿಲ್ಲ. ಹಗ್ಗದಿಂದ ಕಟ್ಟುವ ಮೂಟೆಗೂ ಇದೇ ಅಳತೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಕಿರಿದಾದ ರಸ್ತೆಯಲ್ಲಿ ಇತರರಿಗೂ ತೊಂದರೆಯಾಗುವುದಿಲ್ಲ.

ಎರಡು ಬದಿಗೆ ಇಳಿಬಿಡುವ ಜೋಡಿ ಚೀಲ

ಹಿಂದಿನ ಕಾಲದ ಹೇರೆತ್ತಿನ ಬೆನ್ನ ಮೇಲಿನ ಗೋಣಿಯಂತೆ, ಸೀಟಿನ ಮೇಲೆ ಹಾಯ್ದು ಎಡಬಲಕ್ಕೆ ಇಳಿಯುವ ಜೋಡಿ ಚೀಲವನ್ನು ದರ್ಜಿಯ ಬಳಿ ಹೊಲಿಸಿಕೊಳ್ಳಬಹುದು, ಸಿದ್ಧವಾಗಿಯೂ ಸಿಗುತ್ತದೆ. ಭಾರ ಸೀಟಿಗಿಂತ ಕೆಳಗೆ ಬರುತ್ತದೆ, ಎರಡೂ ಕಡೆ ಸಮವಾಗಿದ್ದರೆ ಸ್ಕೂಟರಿನ ತೂಕ ತಪ್ಪುವುದಿಲ್ಲ. ಹೇರು ಹೊರಿಸುವವರು ಎರಡು ಗೋಣಿಗಳನ್ನೂ ತೂಗಿ ಸಮ ಮಾಡುತ್ತಿದ್ದಂತೆ ಇಲ್ಲಿಯೂ ಒಂದು ಕಡೆಗೆ ಹಾಕಿದ ಕೂಡಲೇ ಇನ್ನೊಂದು ಕಡೆಗೂ ಹಾಕುತ್ತ ಹೋಗಬೇಕು. ಮನೆಮನೆಗೆ ಹಪ್ಪಳ, ಸೊಪ್ಪು, ಪತ್ರಿಕೆ ಹಂಚುವವರಿಗೆ ಇದು ಎಲ್ಲಕ್ಕಿಂತ ಅನುಕೂಲ, ಏಕೆಂದರೆ ಪ್ರತಿ ಸಲ ಸೀಟು ತೆರೆಯಬೇಕಾಗಿಲ್ಲ. ಆದರೆ ಬಲಗಡೆ ಸೈಲೆನ್ಸರು ಇದೆ, ಅದಕ್ಕೆ ತಾಗಿದ ಪ್ಲಾಸ್ಟಿಕ್ ಚೀಲ ಕರಗಿ ಅಂಟಿಕೊಳ್ಳುತ್ತದೆ, ಬಟ್ಟೆ ಸುಡುತ್ತದೆ. ಎಡಗಡೆ ಕಿಕ್ಕರ್ ಇರುವ ಸ್ಕೂಟರಿನಲ್ಲಿ ಅದಕ್ಕೆ ಅಡ್ಡ ಬರುತ್ತದೆ. ಹಿಂದೆ ಕೂರುವವರ ಕಾಲಿಗೆ ಜಾಗವೂ ಉಳಿಯುವುದಿಲ್ಲ. ಹೀಗಾಗಿ ಇದು ಒಬ್ಬರೇ ಓಡಾಡುವವರ ಆಯ್ಕೆ.

ಹಿಂದೆ ಕೂತವರ ಕೈಗೆ ಕೊಡುವುದು

ಹಬ್ಬದ ದಿನಗಳಲ್ಲಿ ಇದು ತಪ್ಪಿದ್ದಲ್ಲ. ಗಣೇಶನ ಮಣ್ಣಿನ ಮೂರ್ತಿಯನ್ನು ಡಿಕ್ಕಿಗೆ ಹಾಕಲಾಗದು, ಹಗ್ಗದಿಂದ ಬಿಗಿಯಲು ಮನಸ್ಸು ಒಪ್ಪದು, ತೊಡೆಯ ಮೇಲೆ ಇಟ್ಟುಕೊಂಡೇ ತರುತ್ತೇವೆ. ಮೂರ್ತಿಯನ್ನು ಎರಡು ಕೈಯಲ್ಲಿ ಹಿಡಿದವರಿಗೆ ತಮ್ಮನ್ನು ಹಿಡಿದುಕೊಳ್ಳಲು ಕೈ ಉಳಿದಿರುವುದಿಲ್ಲ ಎಂಬುದನ್ನು ಮುಂದೆ ಕೂತವರು ಮರೆಯಬಾರದು. ಅವರು ಸೀರೆಯುಟ್ಟು ಒಂದು ಬದಿಗೆ ಕೂತಿದ್ದರಂತೂ ಹಂಪಿನ ಮುಂದೆ ಪೂರ್ತಿ ನಿಧಾನಿಸಿ ದಾಟಿಸುವುದು ಸವಾರನ ಹೊಣೆ. ಮೂರ್ತಿ ಒಂದಡಿಗಿಂತ ದೊಡ್ಡದಾದರೆ ಆಟೋ ಹಿಡಿಯಿರಿ ಎಂದೇ ಹೇಳುತ್ತೇನೆ.

ಸಂಕ್ರಾಂತಿಯ ಕಬ್ಬು, ಆಯುಧಪೂಜೆಯ ಬಾಳೆಕಂದುಗಳದ್ದು ಉದ್ದದ ಸಮಸ್ಯೆ. ಕಾಲಿಡುವ ಜಾಗದಿಂದ ಓರೆಯಾಗಿ ಮೇಲಕ್ಕೆ ನಿಲ್ಲಿಸಿದ ಕಬ್ಬಿನ ತುದಿ ಸವಾರನ ಕಣ್ಣಿನ ನೇರಕ್ಕೇ ಬರುತ್ತದೆ, ಅಡ್ಡಲಾಗಿ ಹಿಡಿದರೆ ಎರಡೂ ಕಡೆಯ ಜನರಿಗೆ ತಿವಿಯುತ್ತದೆ. ಮಾರುವವರ ಬಳಿಯೇ ಕತ್ತಿಯಿರುತ್ತದೆ, ಎರಡೂವರೆ ಅಡಿಯ ತುಂಡು ಮಾಡಿಸಿ ಸೀಟಿನ ಮೇಲೆ ಉದ್ದಕ್ಕೆ ಕಟ್ಟಬಹುದು. ಪೂರ್ತಿ ಕಬ್ಬೇ ಬೇಕೆಂಬ ಮನೆಯವರು, ನಮ್ಮ ಮನೆಯ ಹಾಗೆ, ಅದನ್ನು ನಡೆದು ತರುವುದೇ ಲೇಸು.

ಭಾರ ಹೊತ್ತ ಮೇಲೆ

ಹಿಂದಿನ ಗಾಲಿಗೆ ಒಬ್ಬರೇ ಹೋಗುವಾಗ ಒಂದು ಒತ್ತಡ, ಇಬ್ಬರು ಹೋಗುವಾಗ ಮತ್ತೊಂದು ಒತ್ತಡ ಎಂದು ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಇಪ್ಪತ್ತೈದು ಮೂವತ್ತು ಕೆಜಿ ಹೊರುವ ದಿನ ಎರಡನೆಯದನ್ನು ಅನುಸರಿಸಬೇಕು. ತುಂಬುವಾಗ ಡಬಲ್ ಸ್ಟ್ಯಾಂಡ್ ಹಾಕಬೇಕು, ಸೈಡ್ ಸ್ಟ್ಯಾಂಡಿನ ಮೇಲೆ ತುಂಬಿದರೆ ಮಳೆಗಾಲದ ಮಣ್ಣಿನಲ್ಲಿ ಅದು ಹೂತು ಸ್ಕೂಟರು ಮಗುಚುತ್ತದೆ. 2019ರ ಏಪ್ರಿಲ್ ನಂತರ ಬಂದ 125 ಸಿಸಿವರೆಗಿನ ಸ್ಕೂಟರುಗಳಲ್ಲಿ ಎಡಗೈ ಬ್ರೇಕು ಒತ್ತಿದರೆ ಎರಡು ಗಾಲಿಗಳಿಗೂ ಬ್ರೇಕು ಬೀಳುವ ವ್ಯವಸ್ಥೆ ಸಾಮಾನ್ಯವಾಗಿದೆ, ಅದು ಭಾರ ಹೊತ್ತಾಗ ನೆರವಾಗುತ್ತದೆ. ಆದರೂ ನಿಲ್ಲಲು ಬೇಕಾಗುವ ದೂರ ಹೆಚ್ಚಾಗುತ್ತದೆ.

ದಿನವೂ 40 ಕೆಜಿಗಿಂತ ಹೆಚ್ಚು ಸಾಗಿಸಬೇಕಾದವರಿಗೆ, ಅಂದರೆ ಡೇರಿಗೆ ಹಾಲು ಹಾಕುವವರು, ಸಂತೆಗೆ ತರಕಾರಿ ಒಯ್ಯುವವರು, ಅಂಗಡಿಗೆ ಮಾಲು ತರುವವರಿಗೆ, ಇಲ್ಲಿ ಹೇಳಿದ ಯಾವ ಉಪಾಯವೂ ಸಾಲದು. ಅವರು ಹಿಂದಿನ ಸೀಟನ್ನು ತೆಗೆದಿಡಬಹುದಾದ ಟಿವಿಎಸ್ ಎಕ್ಸ್ಎಲ್ 100ರಂಥ ಮೊಪೆಡ್ಡನ್ನೇ ನೋಡುವುದು ಸರಿ. ಹಳ್ಳಿಗಳಲ್ಲಿ ಅದು ಸುಮ್ಮನೆ ನೆಲೆನಿಂತಿಲ್ಲ. ಹೊಸ ಸ್ಕೂಟರು ಕೊಳ್ಳುವ ಮನೆಯವರು ಷೋರೂಮಿಗೆ ಹೋಗುವಾಗ 20 ಲೀಟರಿನ ಒಂದು ಖಾಲಿ ಕ್ಯಾನು ಮತ್ತು ದಿನವೂ ಬಳಸುವ ಸಂತೆಯ ಚೀಲವನ್ನು ಜೊತೆಗೆ ಒಯ್ಯಲಿ. ಕ್ಯಾನನ್ನು ಕಾಲಿಡುವ ಜಾಗದಲ್ಲಿ ಇಟ್ಟು, ಸೀಟಿನ ಮೇಲೆ ಕೂತು, ಎರಡು ಪಾದಗಳೂ ಒಳಗೇ ನಿಲ್ಲುತ್ತವೆಯೇ ಎಂದು ನೋಡಿ, ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಲಿ. ಚೀಲವನ್ನು ಡಿಕ್ಕಿಗಿಳಿಸಿ ಸೀಟು ಮುಚ್ಚಲಿ. ಪೆಟ್ರೋಲ್ ಮುಚ್ಚಳ ಎಲ್ಲಿದೆಯೆಂದು ಕೇಳಲಿ. ಮಾರುವವರು ಬೇಡವೆನ್ನುವುದಿಲ್ಲ, ಐದು ನಿಮಿಷ ಸಾಕು.